ರೇಡಿಯೋ ಗೆಲಾಕ್ಸಿಗಳ ವರ್ಗೀಕರಣ: ಆಕಾರ ಮತ್ತು ಪ್ರಭೆ

ಕೇಂದ್ರದ ಬೃಹತ್ ಕಪ್ಪುಕುಳಿಯ ಬಳಿಯಿಂದ ಎರಡೂ ದಿಕ್ಕಿಗೆ ಚಿಮ್ಮುವ ಕಣಪ್ರವಾಹಗಳ ಮೂಲಕ ಪ್ರಬಲ ರೇಡಿಯೋ ಅಲೆಗಳನ್ನು ಹೊರಸೂಸುವ ಗೆಲಾಕ್ಸಿಗಳೇ ರೇಡಿಯೋ ಗೆಲಾಕ್ಸಿಗಳು. 1974ರಲ್ಲಿ ಬರ್ನಾರ್ಡ್ ಫಾನರಾಫ್ ಹಾಗೂ ಜೂಲಿಯಾ ರೈಲಿ ಕೇಂಬ್ರಿಜ್‌ನಲ್ಲಿ 57 ರೇಡಿಯೋ ಆಕರಗಳನ್ನು ಪರಿಶೀಲಿಸಿ ಎರಡು ವರ್ಗಗಳನ್ನು ಗುರುತಿಸಿದರು.

ಎರಡು ಪಾರ್ಶ್ವಗಳ ಅತ್ಯುಜ್ವಲ ಬಿಂದುಗಳ ನಡುವಣ ಅಂತರವು ಒಟ್ಟು ಉದ್ದದ ಅರ್ಧಕ್ಕಿಂತ ಕಡಿಮೆಯಿದ್ದರೆ ಒಂದನೇ ವರ್ಗ. ಹೆಚ್ಚಿದ್ದರೆ ಎರಡನೇ ವರ್ಗ. ಮೊದಲನೆಯದರ ಪ್ರವಾಹ ದೂರ ಸರಿದಂತೆ ಮಂಕಾಗುತ್ತದೆ. 3ಸಿ 31 ಇದಕ್ಕೆ ನಿದರ್ಶನ. ಎರಡನೆಯದರ ತುದಿಗಳೇ ಪ್ರಜ್ವಲಿಸುತ್ತವೆ. ಸಿಗ್ನಸ್ ಎ ಇದಕ್ಕೆ ಉದಾಹರಣೆ.

ನಿರ್ದಿಷ್ಟ ಮಿತಿಗಿಂತ ಹೆಚ್ಚಿನ ರೇಡಿಯೋ ಪ್ರಭೆಯುಳ್ಳವು ಬಹುತೇಕ ಎರಡನೇ ವರ್ಗದವು ಎಂಬುದು ಅವರ ಮುಖ್ಯ ಶೋಧ. ಆದರೆ ಯೂರೋಪಿನ ಲೋಫಾರ್ ದೂರದರ್ಶಕದ ಸಮೀಕ್ಷೆಯನ್ನು ಆಧರಿಸಿ 2019ರಲ್ಲಿ ಪ್ರಕಟವಾದ ಅಧ್ಯಯನವು, ಆ ಮಿತಿಗಿಂತ ಬಹಳ ಮಂದವಾದ ಎರಡನೇ ವರ್ಗದ ಗೆಲಾಕ್ಸಿಗಳನ್ನೂ ಪತ್ತೆಹಚ್ಚಿತು. ಹೀಗಾಗಿ ಆಕಾರವೊಂದರಿಂದಲೇ ಪ್ರಭೆಯನ್ನು ನಿರ್ಣಯಿಸಲಾಗದು.