ವದಂತಿ: ಯಾರು ಹೇಳಿದರು?

ಎಂಟನೆಯ ತರಗತಿಯಲ್ಲಿ ಸಂಸ್ಕೃತ ಮೇಷ್ಟ್ರು ‘ವದತಿ, ವದತಃ, ವದಂತಿ’ ಎಂದು ಹೇಳಿಕೊಡುತ್ತಿದ್ದರು. ವದಂತಿ ಎಂದರೆ ‘ಅವರು ಹೇಳುತ್ತಾರೆ’. ಅವರು ಎಂದರೆ ಯಾರು? ಆ ಪದದಲ್ಲಿ ಉತ್ತರವಿಲ್ಲ. ಅಮರಕೋಶವು ‘ಕಿಂವದಂತೀ’ ಮತ್ತು ‘ಜನಶ್ರುತಿ’ ಎಂಬ ಎರಡು ಪದಗಳನ್ನು ಜೊತೆಯಾಗಿ ಇಟ್ಟಿದೆ. ಒಂದು ಜನ ಹೇಳಿದ್ದು, ಇನ್ನೊಂದು ಜನ ಕೇಳಿದ್ದು. ಕಣ್ಣಾರೆ ಕಂಡದ್ದು ಎರಡರಲ್ಲೂ ಇಲ್ಲ.

ನಮ್ಮೂರ ಮಾತಿನಲ್ಲಿ ಇದಕ್ಕೆ ಗಾಳಿಸುದ್ದಿ, ಗುಲ್ಲು, ಪುಕಾರು ಎಂಬ ಹೆಸರುಗಳಿವೆ. ಪುಕಾರು ಹಿಂದಿಯಲ್ಲಿ ಕೂಗು, ತಮಿಳಿನಲ್ಲಿ ದೂರು, ಕನ್ನಡದಲ್ಲಿ ವದಂತಿ. ಇವೆಲ್ಲಕ್ಕೂ ಬಾಲದಂತೆ ಅಂಟಿಕೊಳ್ಳುವುದು ‘ಅಂತೆ’. ಹೇಳಿದವನ ಹೊಣೆಯನ್ನು ಇಳಿಸಲು ಆ ಎರಡಕ್ಷರ ಸಾಕು.

ಇತಿಹಾಸದಲ್ಲಿ ವದಂತಿಯ ಪಾತ್ರ ಸಣ್ಣದಲ್ಲ. 1857ರಲ್ಲಿ ಹೊಸ ಎನ್‌ಫೀಲ್ಡ್ ಬಂದೂಕಿನ ತೋಟಾಗಳಿಗೆ ದನದ ಮತ್ತು ಹಂದಿಯ ಕೊಬ್ಬು ಸವರಿದೆ ಎಂಬ ಸುದ್ದಿ ಸಿಪಾಯಿಗಳಲ್ಲಿ ಹಬ್ಬಿತು. ಕಂಪನಿ ಸರ್ಕಾರ ಸಮಾಧಾನ ಹೇಳಿದರೂ ಅವರು ನಂಬಲಿಲ್ಲ. ಅಪನಂಬಿಕೆ ಮೊದಲೇ ಬೇರೂರಿತ್ತು. ಸುದ್ದಿ ಅದಕ್ಕೆ ಕಿಡಿಯಾಯಿತು. ನಮ್ಮ ಕಾಲದಲ್ಲೇ ಮನೆಬಾಗಿಲುಗಳ ಮೇಲೆ ‘ನಾಳೆ ಬಾ’ ಎಂದು ಬರೆದದ್ದನ್ನು ಅನೇಕರು ಬಲ್ಲರು. ಅದನ್ನು ನೆನೆದು ಈಗ ನಗುತ್ತೇವೆ. ಆದರೆ 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳ ಕಳ್ಳರೆಂಬ ವಾಟ್ಸಾಪ್ ಸುದ್ದಿಯನ್ನು ನಂಬಿದ ಗುಂಪು ಅಮಾಯಕನೊಬ್ಬನನ್ನು ಹೊಡೆದು ಕೊಂದದ್ದು ನಗುವ ವಿಷಯವಲ್ಲ.

ನಾನೂ ಹೊರತಲ್ಲ. ವಿದ್ಯಾರ್ಥಿಯಾಗಿದ್ದಾಗ ಒಮ್ಮೆ ಪರೀಕ್ಷಾ ಶುಲ್ಕದ ಹಣ ಕಾಣೆಯಾಯಿತು. ‘ಜವಾನಣ್ಣ ತೆಗೆದನಂತೆ’ ಎಂದು ಗೆಳೆಯನಿಗೆ ಪಿಸುಗುಟ್ಟಿದವನು ನಾನೇ. ಸಂಜೆಯೊಳಗೆ ಊರೆಲ್ಲ ಅದೇ ಮಾತು. ಮೂರನೆಯ ದಿನ ಹಾಜರಿ ಪುಸ್ತಕದ ರಟ್ಟಿನೊಳಗೆ ಹಣ ಸಿಕ್ಕಿತು. ಅಣ್ಣ ಏನೂ ಅನ್ನಲಿಲ್ಲ. ಎಂದಿನಂತೆ ಗಂಟೆ ಬಾರಿಸಿದ. ಆದರೆ ಅಂದಿನಿಂದ ಹಣದ ಪೆಟ್ಟಿಗೆಯಿದ್ದ ಕೋಣೆಗೆ ಒಬ್ಬನೇ ಕಾಲಿಡಲಿಲ್ಲ. ಯಾರಾದರೂ ಜೊತೆಗೆ ಬರಲೇಬೇಕೆಂದು ಬಾಗಿಲಲ್ಲೇ ನಿಲ್ಲುತ್ತಿದ್ದ. ಅವನು ಬಡವನಾದ್ದರಿಂದ ನನ್ನ ಮಾತು ಎಲ್ಲರಿಗೂ ಸುಲಭವಾಗಿ ನಂಬುವಂತಿತ್ತು.

ಅವನೀಗ ಇಲ್ಲ. ಕ್ಷಮೆ ಕೇಳುವ ಧೈರ್ಯ ಬರುವಷ್ಟರಲ್ಲಿ ತಡವಾಗಿತ್ತು. ಮುಂದೆ ಇತಿಹಾಸದ ಮೇಷ್ಟ್ರಾಗಿ ಮೂವತ್ತು ವರ್ಷ ಮಕ್ಕಳಿಗೆ ಒಂದೇ ಪ್ರಶ್ನೆ ಕಲಿಸಿದೆ: ಯಾರು ಹೇಳಿದರು, ಅವರು ಕಂಡರೇ? ಈ ಶಾಲೆಯ ಇಂದಿನ ಮಕ್ಕಳೂ, ಮೊಬೈಲಿನಲ್ಲಿ ಬಂದದ್ದನ್ನು ಮುಂದೆ ಕಳಿಸುವ ಮೊದಲು, ಅದನ್ನೇ ಕೇಳಲಿ. ‘ವದಂತಿ’ಯ ಕರ್ತೃ ಒಮ್ಮೊಮ್ಮೆ ನಾವೇ ಆಗಿರುತ್ತೇವೆ.