ಬೀಜ, ಕ್ಷೇತ್ರ ಮತ್ತು ಹದ

ಬಿತ್ತನೆಗೆ ಒಳ್ಳೆಯ ಬೀಜವೊಂದೇ ಸಾಲದು, ಭೂಮಿಯೂ ಹದಕ್ಕೆ ಬರಬೇಕು ಎಂಬುದನ್ನು ನಮ್ಮ ರೈತರಿಗೆ ಯಾರೂ ಕಲಿಸಬೇಕಾಗಿಲ್ಲ. ಆದರೆ ಮಕ್ಕಳಾಗದ ಮನೆಗಳಲ್ಲಿ ಈ ವಿವೇಕ ಮರೆತುಹೋಗುತ್ತದೆ. ಅಲ್ಲಿ ಹೆಣ್ಣಿಗೆ 'ಬಂಜೆ' ಎಂಬ ಒಂದೇ ಮಾತು. ನಾನು ಪ್ರೌಢಶಾಲೆಯಲ್ಲಿ ಜೀವಶಾಸ್ತ್ರ ಬೋಧಿಸುತ್ತಿದ್ದ ಕಾಲದ ಪಠ್ಯಪುಸ್ತಕದಲ್ಲಿ, ಫಲಿತ ಅಂಡವು ಗರ್ಭಕೋಶದ ಗೋಡೆಯಲ್ಲಿ ನೆಲೆಗೊಳ್ಳುತ್ತದೆ ಎಂಬ ಒಂದು ವಾಕ್ಯವಷ್ಟೇ ಇರುತ್ತಿತ್ತು. ಆ ಒಂದು ವಾಕ್ಯದ ಹಿಂದೆ ಶತಮಾನಕ್ಕೂ ಮೀರಿದ ಶೋಧನೆಯ ಇತಿಹಾಸವಿದೆ. ಅದನ್ನು ಓದುಗ ಮಿತ್ರರ ಮುಂದಿಡುವುದೇ ಈ ಲೇಖನದ ಉದ್ದೇಶ.

ಹತ್ತೊಂಬತ್ತನೆಯ ಶತಮಾನದ ವೈದ್ಯರು ಗರ್ಭಕೋಶದ ಒಳಪದರ ದಪ್ಪವಾಗಿ, ಅದರ ಗ್ರಂಥಿಗಳು ಉಬ್ಬಿ ಸುರುಳಿಗೊಂಡಿರುವುದನ್ನು ಕಂಡಾಗ ಅದನ್ನು ಉರಿಯೂತವೆಂದೇ ಬಗೆಯುತ್ತಿದ್ದರು. ಅದನ್ನು ಕೆರೆದು ತೆಗೆಯುವ ಚಿಕಿತ್ಸೆಯೂ ನಡೆಯುತ್ತಿತ್ತು. 1908ರಲ್ಲಿ ವಿಯೆನ್ನಾದ ಹಿಟ್ಷ್‌ಮನ್ ಮತ್ತು ಆಡ್ಲರ್ ಎಂಬ ವೈದ್ಯರು, ಇದು ರೋಗವಲ್ಲ, ಋತುಚಕ್ರದ ದಿನದಿಂದ ದಿನಕ್ಕೆ ಕ್ರಮವಾಗಿ ನಡೆಯುವ ಸಹಜ ಬದಲಾವಣೆ ಎಂದು ತೋರಿಸಿಕೊಟ್ಟರು. ದೇಹವು ಅತಿಥಿಗಾಗಿ ಮಾಡುತ್ತಿದ್ದ ಸಿದ್ಧತೆಯನ್ನೇ ಅಲ್ಲಿಯವರೆಗೆ ರೋಗವೆಂದು ಎಣಿಸಲಾಗಿತ್ತು!

ಈ ಸಿದ್ಧತೆಗೆ ಅಪ್ಪಣೆ ಎಲ್ಲಿಂದ ಬರುತ್ತದೆ? ಅಂಡಾಣು ಹೊರಬಿದ್ದ ಮೇಲೆ ಅಂಡಾಶಯದಲ್ಲಿ ಉಳಿಯುವ ಹಳದಿ ಪಿಂಡದಿಂದ ಎಂಬುದು ಗುಸ್ಟಾಫ್ ಬಾರ್ನ್ ಎಂಬ ವಿದ್ವಾಂಸನ ಊಹೆ. ಅವನು 1900ರಲ್ಲಿ ತೀರಿಕೊಂಡನು. ಅವನ ಊಹೆಯನ್ನು ಲುಡ್ವಿಗ್ ಫ್ರಾಂಕೆಲ್ ಮೊಲಗಳಲ್ಲಿ ಪರೀಕ್ಷಿಸಿ, ಆ ಪಿಂಡವನ್ನು ನಾಶಪಡಿಸಿದರೆ ಗರ್ಭ ನಿಲ್ಲುವುದಿಲ್ಲವೆಂದು 1903ರಲ್ಲಿ ಪ್ರಕಟಿಸಿದನು. 1929ರಲ್ಲಿ ಅಮೆರಿಕದ ಜಾರ್ಜ್ ಕಾರ್ನರ್ ಮತ್ತು ವಿಲ್ಲರ್ಡ್ ಆಲನ್, ಅಂಡಾಶಯ ತೆಗೆದ ಮೊಲಗಳಿಗೆ ಆ ಪಿಂಡದ ಸಾರವನ್ನು ಚುಚ್ಚಿ ಗರ್ಭವನ್ನು ಉಳಿಸಿದರು. 1934ರಲ್ಲಿ ಶುದ್ಧರೂಪದಲ್ಲಿ ದೊರೆತ ಆ ರಸವೇ ಪ್ರೊಜೆಸ್ಟಿರಾನ್. ಈಸ್ಟ್ರೊಜೆನ್ ಒಳಪದರವನ್ನು ಬೆಳೆಸುತ್ತದೆ. ಪ್ರೊಜೆಸ್ಟಿರಾನ್ ಅದನ್ನು ಹದಗೊಳಿಸುತ್ತದೆ. ಗ್ರಂಥಿಗಳು ಪೋಷಕರಸ ಸುರಿಸುತ್ತವೆ, ರಕ್ತನಾಳಗಳು ಸುರುಳಿಗೊಳ್ಳುತ್ತವೆ, ಜೀವಕೋಶಗಳು ಉಬ್ಬಿ ಮೆತ್ತಗಾಗುತ್ತವೆ.

ಆದರೆ ಈ ಹದ ಬಹಳ ದಿನ ನಿಲ್ಲುವುದಿಲ್ಲ. 1950ರಲ್ಲಿ ಎಂ. ಸಿ. ಚಾಂಗ್ ಮೊಲಗಳ ಭ್ರೂಣಗಳನ್ನು ಬೇರೆ ಮೊಲಗಳ ಗರ್ಭಕ್ಕೆ ವರ್ಗಾಯಿಸಿ, ಭ್ರೂಣದ ವಯಸ್ಸಿಗೂ ಗರ್ಭಕೋಶದ ಸ್ಥಿತಿಗೂ ಹೊಂದಿಕೆ ತಪ್ಪಿದರೆ ಭ್ರೂಣ ಉಳಿಯುವುದು ಕಷ್ಟವೆಂದು ತೋರಿಸಿದರು. 1992ರಲ್ಲಿ ಇಲಿಗಳ ಮೇಲೆ ನಡೆದ ಪ್ರಯೋಗವಂತೂ ಕಣ್ತೆರೆಸುವಂಥದು. ಲಿಫ್ ಎಂಬ ಒಂದು ಪ್ರೋಟೀನು ಇಲ್ಲದ ತಾಯಿ ಇಲಿಯಲ್ಲಿ ನೆಲೆಗೊಳ್ಳದ ಭ್ರೂಣಗಳೇ, ಬೇರೊಂದು ಇಲಿಯ ಗರ್ಭದಲ್ಲಿ ಚೆನ್ನಾಗಿ ನೆಲೆಗೊಂಡವು. ಮನುಷ್ಯರಲ್ಲಿ, 1999ರಲ್ಲಿ ಪ್ರಕಟವಾದ ಅಧ್ಯಯನವೊಂದರಂತೆ, ಮುಂದುವರಿದ ಗರ್ಭಗಳ ಪೈಕಿ ಶೇಕಡ 84ರಷ್ಟು ನೆಲೆಗೊಂಡದ್ದು ಅಂಡಾಣು ಬಿಡುಗಡೆಯಾದ ಎಂಟರಿಂದ ಹತ್ತನೆಯ ದಿನದೊಳಗೆ. ತಡವಾದಷ್ಟೂ ಗರ್ಭ ನಷ್ಟವಾಗುವ ಸಂಭವ ಹೆಚ್ಚು.

ಈ ಇತಿಹಾಸದಲ್ಲಿ ನಮ್ಮ ದೇಶದ ಒಂದು ಕಣ್ಣೀರಿನ ಅಧ್ಯಾಯವೂ ಇದೆ. 1978ರ ಜುಲೈ 25ರಂದು ಇಂಗ್ಲೆಂಡಿನಲ್ಲಿ ಜಗತ್ತಿನ ಮೊದಲ ಪ್ರನಾಳ ಶಿಶು ಜನಿಸಿತು. 70 ದಿನಗಳು ಕಳೆಯುವಷ್ಟರಲ್ಲಿ, ಅಕ್ಟೋಬರ್ 3ರಂದು, ಕಲ್ಕತ್ತೆಯಲ್ಲಿ ಡಾ. ಸುಭಾಷ್ ಮುಖರ್ಜಿಯವರ ಪ್ರಯತ್ನದಿಂದ ಒಂದು ಹೆಣ್ಣುಮಗು ಹುಟ್ಟಿತು. ಅಂಡಗಳನ್ನು ಹೆಚ್ಚಿಸಲು ಔಷಧ ಕೊಟ್ಟಾಗ ಒಳಪದರದ ಹದವೂ ಏರುಪೇರಾಗಬಹುದು. ಇಂಗ್ಲೆಂಡಿನವರು ಆ ಔಷಧಗಳನ್ನೇ ಕೈಬಿಟ್ಟು ಸಹಜ ಋತುಚಕ್ರದ ಒಂದು ಅಂಡವನ್ನು ನೆಚ್ಚಿದರು. ಮುಖರ್ಜಿಯವರಾದರೋ ಔಷಧ ಕೊಟ್ಟು ಅಂಡಗಳನ್ನು ಪಡೆದು, ಭ್ರೂಣವನ್ನು 53 ದಿನ ಹಿಮೀಕರಿಸಿಟ್ಟು, ಮುಂದಿನ ಋತುಚಕ್ರವೊಂದರಲ್ಲಿ ತಾಯಿಯ ಗರ್ಭಕ್ಕೆ ಸೇರಿಸಿದರು. ಹೊಲ ಹದಕ್ಕೆ ಬರುವವರೆಗೆ ಬೀಜವನ್ನು ಕಣಜದಲ್ಲಿ ಕಾದಿಟ್ಟಂತೆ!

ರಾಜ್ಯ ಸರ್ಕಾರ ನೇಮಿಸಿದ ಸಮಿತಿ ಅವರನ್ನು ನಂಬಲಿಲ್ಲ. ವಿದೇಶದಲ್ಲಿ ತಮ್ಮ ಕಾರ್ಯವನ್ನು ವಿವರಿಸಲು ಹೋಗುವುದಕ್ಕೆ ಅನುಮತಿ ದೊರೆಯಲಿಲ್ಲ. ಕೊನೆಗೆ ನೇತ್ರಶಾಸ್ತ್ರದ ಸಂಸ್ಥೆಗೆ ವರ್ಗವಾಯಿತು. 1981ರ ಜೂನ್ 19ರಂದು ಆ ಮಹನೀಯರು ಪ್ರಾಣವನ್ನೇ ನೀಗಿಕೊಂಡರು. 1986ರಲ್ಲಿ ಮುಂಬಯಿಯಲ್ಲಿ ಡಾ. ಇಂದಿರಾ ಹಿಂದುಜಾ ಅವರೊಡನೆ ಪ್ರನಾಳ ಶಿಶುವಿನ ಜನನಕ್ಕೆ ಕಾರಣರಾಗಿ, 'ದೇಶದಲ್ಲಿ ಮೊದಲಿಗರು' ಎಂಬ ಕೀರ್ತಿ ಪಡೆದಿದ್ದವರು ಡಾ. ಟಿ. ಸಿ. ಆನಂದಕುಮಾರ್. ಮುಂದೆ ಬೆಂಗಳೂರಿನಲ್ಲಿ ನೆಲೆಸಿದ ಅವರು ಮುಖರ್ಜಿಯವರ ಟಿಪ್ಪಣಿಗಳನ್ನು ತಾವೇ ಪರಿಶೀಲಿಸಿ, 1997ರಲ್ಲಿ ಬೆಂಗಳೂರಿನಿಂದಲೇ ಹೊರಡುವ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಆ ಕೀರ್ತಿ ಮುಖರ್ಜಿಯವರಿಗೇ ಸಲ್ಲಬೇಕೆಂದು ಬರೆದರು. ತನ್ನ ತಲೆಯ ಕಿರೀಟವನ್ನು ತಾನೇ ತೆಗೆದು ಇನ್ನೊಬ್ಬನ ತಲೆಗಿಡುವವರು ಎಷ್ಟು ಮಂದಿ? ಇದಕ್ಕಿಂತ ದೊಡ್ಡ ಪ್ರಾಮಾಣಿಕತೆಯ ಪಾಠವನ್ನು ನಾನರಿಯೆ.

ಭ್ರೂಣವನ್ನು ಹಿಮೀಕರಿಸಿ ಕಾಯುವ ಕ್ರಮ ಇಂದು ಜಗತ್ತಿನೆಲ್ಲೆಡೆ ಬಳಕೆಯಲ್ಲಿದೆ. ಹದದ ದಿನವನ್ನು ನಿಖರವಾಗಿ ಹೇಳುತ್ತೇವೆನ್ನುವ ಜೀನ್ ಪರೀಕ್ಷೆಗಳೂ ಬಂದಿವೆ. ಆದರೆ ಅಂಥ ಪರೀಕ್ಷೆಯಂತೆ ದಿನ ನಿಗದಿ ಮಾಡಿದ್ದರಿಂದ ಹೆರಿಗೆಗಳೇನೂ ಹೆಚ್ಚಲಿಲ್ಲವೆಂದು 2022ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗವೊಂದು ತಿಳಿಸಿತು. ಸಾಲ ಮಾಡಿ ಚಿಕಿತ್ಸೆಗೆ ಹೊರಡುವ ದಂಪತಿಗಳು ಇದನ್ನು ತಿಳಿದಿರುವುದು ಲೇಸು. ಮನೆಯ ಹಿರಿಯರು ತಿಳಿಯಬೇಕಾದದ್ದು ಇನ್ನೊಂದಿದೆ. ಬೀಜ, ಕ್ಷೇತ್ರ, ಕಾಲ ಇವು ಮೂರೂ ಕೂಡಿಬರಬೇಕಾದ ಕಾರ್ಯದಲ್ಲಿ ಒಬ್ಬಳನ್ನೇ ದೂರುವುದಕ್ಕೆ ವಿಜ್ಞಾನದಲ್ಲಿ ಯಾವ ಆಧಾರವೂ ಇಲ್ಲ.