ಮರದ ಸ್ಟ್ಯಾಂಡು ಮತ್ತು ಪೇಟೆಂಟಿನ ತಕರಾರು

ಗಜೇಂದ್ರಗಡದ ಒಂದು ರಕ್ತಪರೀಕ್ಷೆ ಕೇಂದ್ರದಲ್ಲಿ ಟೆಸ್ಟ್‌ಟ್ಯೂಬ್ ಇಡುವ ಸ್ಟ್ಯಾಂಡು ನೋಡಿದೆ. ತೇಗದ ತುಂಡು, ಹನ್ನೆರಡು ತೂತು, ಒಂದೊಂದು ತೂತಿನ ಬಾಯಿಗೂ ಸೈಕಲ್ ಟ್ಯೂಬಿನ ರಬ್ಬರ್. ಸಣ್ಣ ಕೊಳವೆ, ದಪ್ಪ ಕೊಳವೆ ಎರಡೂ ಅಲುಗಾಡದೆ ಕೂರಲೆಂದು ಬಡಿಗೇರರು ಮಾಡಿದ ಉಪಾಯ. ನಾಳೆ ಯಾರಾದರೂ ‘ಹಿಗ್ಗುವ ಹಿಡಿಕೆಯ ಸ್ಯಾಂಪಲ್ ಹೋಲ್ಡರ್’ ಎಂದು ಪೇಟೆಂಟಿಗೆ ಅರ್ಜಿ ಹಾಕಿದರೆ ಪೇಟೆಂಟ್ ಪರೀಕ್ಷಕರ ಹುಡುಕಾಟಕ್ಕೆ ಈ ತುಂಡು ಸಿಗುವುದಿಲ್ಲ.

ನಮ್ಮಲ್ಲಿ ಪೇಟೆಂಟಿನ ಕಾನೂನು ಇಂಥ ಬಡಿಗೇರರನ್ನು ನೆನೆದು ಹುಟ್ಟಿದ್ದಲ್ಲ. 1856ರಲ್ಲಿ ಬಂದು ಮರುವರ್ಷವೇ ರದ್ದಾದ ಕಾಯಿದೆ, 1859ರ ಪರಿಷ್ಕರಣೆ, 1911ರ ಕಾಯಿದೆ: ಇವೆಲ್ಲ ಮುಖ್ಯವಾಗಿ ಬ್ರಿಟಿಷ್ ಕಾರ್ಖಾನೆದಾರರ ಕಾವಲಿಗೆ. ಅದನ್ನು ಬದಲಿಸಲು ಸಲಹೆ ಕೊಟ್ಟ ಅಯ್ಯಂಗಾರ್ ವರದಿ 1959ರಲ್ಲಿ ಬಂತು; ಅದರ ಆಧಾರದ 1970ರ ಕಾಯಿದೆ ಜಾರಿಯಾದದ್ದು 1972ರ ಏಪ್ರಿಲ್ 20ಕ್ಕೆ.

ನಮ್ಮ ಪೀಳಿಗೆ ಪೇಟೆಂಟಿನ ಪಾಠ ಕಲಿತದ್ದು ಮಿರ್ಜಾಪುರದ ಪಾತ್ರೆ ಮೊಕದ್ದಮೆಯಿಂದ. ಅದೂ ಒಂದು ಹಿಡಿಕೆಯದೇ ಜಗಳ. ಲೇತಿನ ಮೇಲೆ ತಿರುಗುವ ಪಾತ್ರೆ ಹಾರಿ ಕೆಲಸಗಾರರಿಗೆ ಬಡಿಯುತ್ತಿತ್ತು; ಚೂಪು ತುದಿಯ ಟೇಲ್‌ಸ್ಟಾಕ್ ಕೊಟ್ಟು ಅದನ್ನು ಒತ್ತಿ ಹಿಡಿಯುವ ವಿಧಾನಕ್ಕೆ 1951ರ ಡಿಸೆಂಬರ್ 13ರಿಂದ ಪೇಟೆಂಟು ಜಾರಿಯಾಗಿತ್ತು. ಅಲಹಾಬಾದ್ ಹೈಕೋರ್ಟಿನ ಒಬ್ಬ ನ್ಯಾಯಾಧೀಶರು ರದ್ದು ಮಾಡಿದರು, ವಿಭಾಗೀಯ ಪೀಠ ಉಳಿಸಿತು, ಸುಪ್ರೀಂ ಕೋರ್ಟ್ ಮತ್ತೆ ರದ್ದು ಮಾಡಿತು. ಹಳೆಯ ಪದ್ಧತಿಗೆ ಸೇರಿಸಿದ್ದು ಕಾರ್ಯಾಗಾರದ ಮಟ್ಟದ ಸುಧಾರಣೆ, ಆವಿಷ್ಕಾರವಲ್ಲ ಎಂಬುದು ತೀರ್ಪು. ಅದರ ದಿನಾಂಕ 1978ರ ಡಿಸೆಂಬರ್ 13. ಸರಿಯಾಗಿ ಇಪ್ಪತ್ತೇಳು ವರ್ಷ! ಆದರೆ ಆವಿಷ್ಕಾರವಲ್ಲ ಎನ್ನುವುದು ಬೇರೆ, ಹೊಸದಲ್ಲ ಎನ್ನುವುದು ಬೇರೆ. ಹೊಸತನ ಹೋಗಬೇಕಾದರೆ ಅರ್ಜಿಯ ಎಲ್ಲ ಅಂಗಗಳೂ ಒಂದೇ ಹಳೆಯ ದಾಖಲೆಯಲ್ಲಿ ಇಲ್ಲವೇ ಒಂದೇ ಹಳೆಯ ವಸ್ತುವಿನಲ್ಲಿ ಇರಬೇಕು. ತೂತು ಒಂದರಲ್ಲಿ, ರಬ್ಬರ್ ಇನ್ನೊಂದರಲ್ಲಿ ಇದ್ದರೆ ‘ಕಸುಬುದಾರನಿಗೆ ಇದು ತಾನಾಗಿ ಹೊಳೆಯುತ್ತಿತ್ತೇ’ ಎಂಬ ಬೇರೆ ಜಗಳ. ಈ ಎರಡನ್ನೂ ಕಲಸುವ ವಕೀಲರು ಈಗಲೂ ಇದ್ದಾರೆ.

ಗಾಯಕ್ಕೆ ಅರಿಸಿನ ಹಚ್ಚುವುದಕ್ಕೆ ಅಮೆರಿಕದಲ್ಲಿ ಕೊಟ್ಟ ಪೇಟೆಂಟಿನ ಪ್ರಕರಣವನ್ನು ಎಲ್ಲರೂ ಅಜ್ಜಿಯ ಗೆಲುವು ಅನ್ನುತ್ತಾರೆ. ಅಜ್ಜಿ ಗೆಲ್ಲಲಿಲ್ಲ, ಕಾಗದ ಗೆದ್ದಿತು. 1995ರ ಆ ಅಮೆರಿಕನ್ ಪೇಟೆಂಟನ್ನು 1997ರಲ್ಲಿ ಉರುಳಿಸಿದ್ದು ಸಂಸ್ಕೃತ ಗ್ರಂಥ ಮತ್ತು 1953ರ ಒಂದು ವೈದ್ಯಕೀಯ ಲೇಖನದಂಥ ಅಚ್ಚಾದ ದಾಖಲೆಗಳು. ಹೊರದೇಶದ ಬಳಕೆಯನ್ನು ಅಮೆರಿಕ ಲೆಕ್ಕಕ್ಕೆ ಹಿಡಿದದ್ದು 2013ರ ಮೇಲೆ. ನಮ್ಮ ಕಾಯಿದೆ ಈ ವಿಷಯದಲ್ಲಿ ಉದಾರಿ: 2002ರ ತಿದ್ದುಪಡಿಯಿಂದ ಸ್ಥಳೀಯ ಸಮುದಾಯದ ಬಾಯಿಮಾತಿನ ಅರಿವೂ ತಕರಾರಿಗೆ ಆಧಾರ. ಆದರೆ 2001ರಲ್ಲಿ ಶುರುವಾದ ಪಾರಂಪರಿಕ ಜ್ಞಾನದ ಡಿಜಿಟಲ್ ಗ್ರಂಥಾಲಯದಲ್ಲಿ ಆಯುರ್ವೇದ, ಸಿದ್ಧ, ಯುನಾನಿ, ಯೋಗ. ಬಡಿಗೇರ, ಕಮ್ಮಾರರ ಸಲಕರಣೆ ಅದರ ಹರವಿನಲ್ಲೇ ಇಲ್ಲ.

ಅಣ್ಣಿಗೇರಿಯ ಅಬ್ದುಲ್ ಖಾದರ್ ನಡಕಟ್ಟಿನ ಅವರ ಕೃಷಿಯಂತ್ರಗಳಿಗೆ 2022ರಲ್ಲಿ ಪದ್ಮಶ್ರೀ ಬಂತು, ಸಂತೋಷ. ಅವರಿಗೂ ಹಿಂದಿನ ಕೂರಿಗೆ, ರೋಣ ನರಗುಂದದ ಎರೆಹೊಲದಲ್ಲಿ ಬಟ್ಟಲಿನಿಂದ ಬಿದಿರ ಕೊಳವೆಗೆ ಕಾಳು ಇಳಿಸುತ್ತಿದ್ದ ಕೂರಿಗೆ, ಅದರ ಅಳತೆ ಬರೆದು ದಿನಾಂಕ ಹಾಕಿಟ್ಟ ನಕ್ಷೆಯನ್ನು ನಾನಂತೂ ಕಂಡಿಲ್ಲ.

ಗಜೇಂದ್ರಗಡದ ಬಡಿಗೇರರನ್ನು ಸ್ಟ್ಯಾಂಡು ಮಾಡಿದ್ದು ಯಾವಾಗ ಎಂದು ಕೇಳಿದೆ. “ನಮ್ಮ ಹುಡುಗಿ ಮದಿವಿ ಹಿಂದಿನ ವರ್ಸರೀ” ಅಂದರು. ಮದುವೆ ಪತ್ರಿಕೆ ಇದೆಯೇ ಎಂದೆ. ಹುಡುಕಿ ಹೇಳುತ್ತಾರಂತೆ.